ಬಸ್ರಾಕ್ಕೆ ಬದಲು ಮಂಗಳೂರು: ಟಿಪ್ಪುವಿನ ದೂತರು, ಇಸ್ತಾಂಬುಲಿನ ಸುಲ್ತಾನರು ಮತ್ತು ಕೊಯಮತ್ತೂರು ತೆತ್ತ ಬೆಲೆ

2017ರ ಜೂನ್ 5. ರಮಝಾನ್ ನೋಂಬಿನ ದಿನಗಳು. ಪೆರ್ನಾಲಿನ ವ್ಯಾಪಾರಕ್ಕೆ ಇನ್ನೊಂದಿಷ್ಟು ಬನಿಯನ್, ಟೀ ಶರ್ಟ್ ತರೋಣ ಎಂದು ನಾನು ತಿರುಪ್ಪೂರಿನ ಖಾದರ್‌ಪೇಟೆಗೆ ಹೋಗಿದ್ದೆ. ಮಧ್ಯಾಹ್ನ ಊರಿನಿಂದ ತಂಗಿಯ ಫೋನು ಬಂತು. ಸೌದಿ, ಯುಎಇ, ಬಹರೈನ್, ಈಜಿಪ್ಟ್ ನಾಲ್ಕೂ ಸೇರಿ ಕತಾರಿನ ಜೊತೆ ಸಂಬಂಧ ಕಡಿದುಕೊಂಡಿವೆಯಂತೆ, ವಿಮಾನವೂ ಇಲ್ಲವಂತೆ ಎಂದಳು. ನಮ್ಮ ತಮ್ಮ ಇದ್ದದ್ದು ದೋಹಾದಲ್ಲಿ, ಬಾವ ಇದ್ದದ್ದು ದುಬೈಯಲ್ಲಿ. ಪೆರ್ನಾಲಿಗೆ ತಮ್ಮ ದುಬೈಗೆ ಹೋಗಿ ಬಾವನ ಜೊತೆ ಇರುವುದು ಎಂದು ಮಾತಾಗಿತ್ತು. ಒಂದು ಗಂಟೆಯ ವಿಮಾನದ ದಾರಿ. ಅದು ಒಂದೇ ದಿನದಲ್ಲಿ ಮಸ್ಕತ್ತಿಗೋ ಕುವೈತಿಗೋ ಸುತ್ತು ಹಾಕಿ ಹೋಗಬೇಕಾದ ದಾರಿಯಾಯಿತು. ಕರಾವಳಿಯ ಎಷ್ಟು ಬ್ಯಾರಿ ಮನೆಗಳಲ್ಲಿ ಆ ದಿನ ಇದೇ ಲೆಕ್ಕಾಚಾರ ನಡೆದಿರಬಹುದು, ನೀವೇ ನೆನಪಿಸಿಕೊಳ್ಳಿ.

ತಂಗಿಯ ಮಗ ಆಗ ಪಿಯುಸಿ ಓದುತ್ತಿದ್ದ. ಅವನು ಫೋನು ಕಸಿದುಕೊಂಡು ಕೇಳಿದ: ‘ಮಾಮ, ಎಲ್ಲವೂ ಮುಸ್ಲಿಂ ದೇಶಗಳೇ ಅಲ್ಲವಾ? ಇವರೇ ಹೀಗೆ ಮಾಡಿದರೆ ಹೇಗೆ?’

ಆಗ ನನ್ನ ಬಳಿ ಉತ್ತರ ಇರಲಿಲ್ಲ. ಸಂಜೆ ತಿರುಪ್ಪೂರಿನಿಂದ ಬಸ್ಸು ಹಿಡಿದು ಕೊಯಮತ್ತೂರಿಗೆ ಬಂದೆ. ಮಂಗಳೂರಿನ ರೈಲು ಮರುದಿನ ಬೆಳಿಗ್ಗೆ. ಇಫ್ತಾರಿಗೆ ಕೋಟೈಮೇಡಿನ ಮಸೀದಿಗೆ ಹೋದೆ. ಕೋಟೈಮೇಡು ಎಂದರೆ ಕೋಟೆಯ ದಿಬ್ಬ. ಈಗ ಅಲ್ಲಿ ಕೋಟೆ ಇಲ್ಲ, ಒತ್ತೊತ್ತಾದ ಮನೆಗಳಿವೆ, ಅಂಗಡಿಗಳಿವೆ, ಕೋಟೆಯ ಹೆಸರು ಹೊತ್ತ ಈಶ್ವರನ ಗುಡಿ ಇದೆ, ಮಸೀದಿಗಳಿವೆ. ಒಂದು ಕಾಲದಲ್ಲಿ ಇದು ಮೈಸೂರಿನ ಕೋಟೆ. ನೋಂಬು ಬಿಟ್ಟು ಅಲ್ಲಿ ಕುಳಿತಿದ್ದಾಗ, ಅಳಿಯನ ಪ್ರಶ್ನೆಗೆ ಉತ್ತರ ಇದೇ ನೆಲದ ಚರಿತ್ರೆಯಲ್ಲಿ ಇದೆ ಎಂದು ನನಗೆ ಹೊಳೆಯಿತು. ಆ ಚರಿತ್ರೆಯಲ್ಲಿ ನಮ್ಮ ಮೈಕಾಲವೂ ಇದೆ. ಅದೂ ಎಂಥ ಜಾಗದಲ್ಲಿ ಎಂದರೆ, ಕೊಡುವ ವಸ್ತುಗಳ ಪಟ್ಟಿಯಲ್ಲಿ.

ಮಂಗಳೂರಿನಲ್ಲಿ ಸಹಿ, ಕೊಯಮತ್ತೂರಿನಲ್ಲಿ ಬಿಡುಗಡೆ

ಕೊಯಮತ್ತೂರು ಸೀಮೆ ಮೈಸೂರಿಗೆ ಸೇರಿದ್ದು ಹೈದರಾಲಿಯ ಕಾಲದಲ್ಲಲ್ಲ. ಅದಕ್ಕೂ ಮೊದಲೇ, 17ನೇ ಶತಮಾನದಲ್ಲೇ, ಮೈಸೂರಿನ ಒಡೆಯರು ಘಟ್ಟ ಇಳಿದು ಈ ಸೀಮೆಯನ್ನು ವಶ ಮಾಡಿಕೊಂಡಿದ್ದರು. ಇಂದಿಗೂ ಆ ಕಡೆ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರರು, ಅನುಪ್ಪ ಗೌಡರು ಇದ್ದಾರೆ. ಈಗಿನ ತಿರುಪ್ಪೂರು ಜಿಲ್ಲೆ ಹುಟ್ಟಿದ್ದು 2009ರಲ್ಲಿ, ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ತಾಲೂಕುಗಳನ್ನು ಸೇರಿಸಿ. ನಮ್ಮ ಕಥೆಯ ಕಾಲದಲ್ಲಿ ತಿರುಪ್ಪೂರಿಗಿಂತ ದೊಡ್ಡ ಹೆಸರು ಅದರ ದಕ್ಷಿಣಕ್ಕಿರುವ ಧಾರಾಪುರದ್ದು. ಅಲ್ಲೊಂದು ಕೋಟೆ ಇತ್ತು. ಪಾಲಕ್ಕಾಡ್, ಕೊಯಮತ್ತೂರು, ಧಾರಾಪುರ, ಕರೂರು ಎಂಬ ಸಾಲು ಮೈಸೂರಿನ ದಕ್ಷಿಣದ ಬಾಗಿಲು. ಮಲಬಾರಿನಿಂದ ತಮಿಳು ಸೀಮೆಗೆ ಹೋಗುವವರು, ಬರುವವರು ಎಲ್ಲ ಪಾಲಕ್ಕಾಡಿನ ಕಣಿವೆ ದಾಟಿ ಇದೇ ದಾರಿ ತುಳಿಯಬೇಕು. ಇವತ್ತು ನಮ್ಮ ರೈಲು ಹೋಗುವುದೂ ಅದೇ ಕಣಿವೆಯಲ್ಲಿ.

1783ರಲ್ಲಿ ಎರಡನೇ ಮೈಸೂರು ಯುದ್ಧ ಇನ್ನೂ ಮುಗಿದಿರಲಿಲ್ಲ. ಟಿಪ್ಪು ಮಂಗಳೂರಿನ ಕೋಟೆಯೊಳಗಿದ್ದ ಕ್ಯಾಂಬೆಲ್ಲನ ಪಡೆಗೆ ಮುತ್ತಿಗೆ ಹಾಕಿ ಕುಳಿತಿದ್ದ. ಅದೇ ವರ್ಷ ಕಂಪೆನಿಯ ಕರ್ನಲ್ ಫುಲ್ಲರ್ಟನ್ ದಕ್ಷಿಣದಿಂದ ಬಂದು ಧಾರಾಪುರ, ಪಾಲಕ್ಕಾಡ್, ಕೊಯಮತ್ತೂರುಗಳನ್ನು ಹಿಡಿದ. 1784ರ ಜನವರಿ ಕೊನೆಗೆ ಮಂಗಳೂರು ಕೋಟೆ ಟಿಪ್ಪುವಿನ ಕೈಗೆ ಬಂತು. ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದವಾಯಿತು. ಹಿಡಿದದ್ದನ್ನು ಇಬ್ಬರೂ ಹಿಂದಿರುಗಿಸಬೇಕು ಎಂಬುದು ಅದರ ಸಾರ. ಹೀಗೆ ಧಾರಾಪುರ, ಕೊಯಮತ್ತೂರು ಮತ್ತೆ ಮೈಸೂರಿಗೆ ಬಂದವು. ನಮ್ಮ ಬಂದರಿನ ಪಕ್ಕದಲ್ಲಿ ಬಿದ್ದ ಸಹಿಯಿಂದ ನೂರಾರು ಮೈಲು ದೂರದ ರೈತನ ಕಂದಾಯ ಯಾರಿಗೆ ಹೋಗಬೇಕು ಎಂಬುದು ತೀರ್ಮಾನವಾಯಿತು.

ಈ ಒಪ್ಪಂದ ಟಿಪ್ಪುವಿಗೆ ಗೆಲುವಿನಂತೆ ಕಂಡರೂ ಅವನಿಗೆ ಒಂದು ವಿಷಯ ಅರ್ಥವಾಗಿತ್ತು. ಸುತ್ತಲೂ ಅವನಿಗೆ ಗೆಳೆಯರಿಲ್ಲ. ಉತ್ತರದಲ್ಲಿ ಮರಾಠರು, ಹೈದರಾಬಾದಿನ ನಿಜಾಮ. ಪೂರ್ವದಲ್ಲಿ ಆರ್ಕಾಟಿನ ನವಾಬ ಮಹಮ್ಮದಾಲಿ. ಸಮುದ್ರದಲ್ಲಿ ಇಂಗ್ಲಿಷರು. ಇವರಲ್ಲಿ ನಿಜಾಮನೂ ನವಾಬನೂ ಮುಸಲ್ಮಾನರು. ಅದರಿಂದ ಟಿಪ್ಪುವಿಗೆ ಏನೂ ಪ್ರಯೋಜನವಾಗಲಿಲ್ಲ. ನವಾಬ ಮೊದಲಿನಿಂದಲೂ ಕಂಪೆನಿಯ ಪಕ್ಷದವನು. ನಿಜಾಮ ತನ್ನ ಗಡಿಯನ್ನು ನೋಡಿಕೊಂಡು ಪಕ್ಷ ಹಿಡಿಯುತ್ತಿದ್ದವನು. ಹಾಗಾಗಿ ಟಿಪ್ಪು ಗೆಳೆಯರನ್ನು ಸಮುದ್ರದ ಆಚೆ ಹುಡುಕಿದ.

ತದಡಿಯಿಂದ ಹೊರಟ ನಾಲ್ಕು ಹಡಗುಗಳು

1785ರ ಕೊನೆಗೆ ಶ್ರೀರಂಗಪಟ್ಟಣದಿಂದ ಒಂದು ದೊಡ್ಡ ದೂತಮಂಡಳಿ ಹೊರಟಿತು. ಮುಖ್ಯಸ್ಥ ಗುಲಾಮ್ ಅಲಿ ಖಾನ್. ಜೊತೆಗೆ ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್. ಕಾರ್ಯದರ್ಶಿಯಾಗಿ ಹೋದ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿ ಭಾಷೆಯಲ್ಲಿ ದಿನಚರಿ ಬರೆದಿಟ್ಟ. ‘ವಕಾಯಿ ಎ ಮನಾಝಿಲ್ ಎ ರೂಮ್’ ಎಂಬ ಆ ದಿನಚರಿ ಸಿಕ್ಕಿದ್ದರಿಂದಲೇ ಈ ಪ್ರಯಾಣದ ವಿವರ ನಮಗೆ ತಿಳಿದಿರುವುದು. ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು 1968ರಲ್ಲಿ ಪ್ರಕಟಿಸಿದರು.

1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಬಿಟ್ಟವು. ಸುಮಾರು 900 ಮಂದಿ. ದೂತರು, ಗುಮಾಸ್ತರು, ಸಿಪಾಯಿಗಳು, ಅಡುಗೆಯವರು, ಖಲಾಸಿಗಳು. ಸರಕೂ ಇತ್ತು: ಕಾಳುಮೆಣಸು, ಏಲಕ್ಕಿ, ಗಂಧದ ಮರ, ಬಟ್ಟೆ. ದಾರಿಯ ಖರ್ಚನ್ನು ಇದನ್ನು ಮಾರಿ ತೆಗೆಯಬೇಕು ಎಂಬುದು ಟಿಪ್ಪುವಿನ ಲೆಕ್ಕ. ಉಡುಗೊರೆಗೆಂದು ಆನೆಗಳನ್ನೂ ಹತ್ತಿಸಿದ್ದರು. ಅವುಗಳಲ್ಲಿ ಒಂದೂ ಇಸ್ತಾಂಬುಲ್ ನೋಡಲಿಲ್ಲ.

ಮೊದಲ ನಿಲುಗಡೆ ಮಸ್ಕತ್. ಬ್ಯಾರಿಗಳಿಗೆ ಮಸ್ಕತ್ ಹೊಸ ಹೆಸರಲ್ಲ. ಒಮಾನಿಗೆ ಅಕ್ಕಿ ಬೇಕು, ಹಡಗು ಕಟ್ಟಲು ಮರ ಬೇಕು. ಅಕ್ಕಿ ಹೋಗುತ್ತಿದ್ದುದು ಮಂಗಳೂರಿನಿಂದ. ಟಿಪ್ಪುವಿನ ಕೋಠಿಯೊಂದು ಮಸ್ಕತ್ತಿನಲ್ಲಿತ್ತು. ಅಲ್ಲಿದ್ದ ಅವನ ದಾರೋಗ ಮೀರ್ ಕಾಝಿಮನಿಗೆ ಟಿಪ್ಪು ಬರೆದ ಪತ್ರಗಳು ಸಿಕ್ಕಿವೆ. ಗಂಧ ಯಾವಾಗ ಮಾರಬೇಕು, ಬೆಲೆ ಏರುವವರೆಗೆ ಹೇಗೆ ಕಾಯಬೇಕು, ರೇಷ್ಮೆ ಹುಳುವನ್ನೂ ಸಾಕುವವರನ್ನೂ ಹುಡುಕಿ ಕಳುಹಿಸು, ಮುತ್ತು ತೆಗೆಯುವ ಮುಳುಗುಗಾರರು ಸಿಗುತ್ತಾರೋ ನೋಡು, ಹಡಗು ಕಟ್ಟುವ ಬಡಗಿಗಳನ್ನು ಕಳುಹಿಸು. ಅರಸ ಬರೆದ ಪತ್ರ ಎನ್ನುವುದಕ್ಕಿಂತ ಬಂದರಿನ ಸಾಹುಕಾರ ತನ್ನ ಗುಮಾಸ್ತನಿಗೆ ಬರೆದ ಪತ್ರದ ಹಾಗಿವೆ ಇವು. ಮಸ್ಕತ್ತಿನ ಜೊತೆಗಿನ ಸಂಬಂಧ ಚೆನ್ನಾಗಿ ನಡೆದದ್ದಕ್ಕೆ ಕಾರಣವೂ ಇದೇ. ಅಲ್ಲಿ ಇಬ್ಬರಿಗೂ ಇಬ್ಬರು ಬೇಕಾಗಿದ್ದರು.

ಮಸ್ಕತ್ತಿನಿಂದ ಬುಶೆಹರ್, ಅಲ್ಲಿಂದ ಬಸ್ರಾ. ದಾರಿಯಲ್ಲಿ ಬೆಂಕಿ, ಬಿರುಗಾಳಿಗೆ ಹಡಗುಗಳೂ ಹೋದವು, ಜನರೂ ಹೋದರು. ಬಸ್ರಾದಿಂದ ಮುಂದೆ ಬಾಗ್ದಾದಿನ ಗವರ್ನರ್ ಸುಲೈಮಾನ್ ಪಾಶಾನ ನಾಡು. ಇಷ್ಟೊಂದು ಸಿಪಾಯಿಗಳನ್ನು ಕಟ್ಟಿಕೊಂಡು ಬಂದ ಈ ಹಿಂದಿಗಳು ಯಾರು ಎಂದು ಅವನಿಗೆ ಅನುಮಾನ. ತಿಂಗಳುಗಟ್ಟಲೆ ಕಾಯಿಸಿದ. ತದಡಿ ಬಿಟ್ಟು ಒಂದೂವರೆ ವರ್ಷದ ಮೇಲೆ, 1787ರ ಸೆಪ್ಟೆಂಬರಿನಲ್ಲಿ, ದೂತರು ಇಸ್ತಾಂಬುಲ್ ತಲುಪಿದರು.

ಕೇಳಿದ್ದೇನು, ಕೊಡುತ್ತೇನೆಂದದ್ದೇನು

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಮೈಸೂರು ಮುಸಲ್ಮಾನರೇ ಹೆಚ್ಚಿದ್ದ ರಾಜ್ಯ ಆಗಿರಲಿಲ್ಲ. ಅರಸ ಮುಸಲ್ಮಾನ, ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು, ಹಣಕಾಸು ನೋಡುತ್ತಿದ್ದವರು ಪೂರ್ಣಯ್ಯ. ಆದರೆ ದೂರದ ಖಲೀಫರ ಮುಂದೆ ನಿಂತಾಗ ಟಿಪ್ಪುವಿನ ದೂತರು ಮಾತಾಡಿದ್ದು ದೀನಿನ ಭಾಷೆಯಲ್ಲಿ. ಹಜ್ ಯಾತ್ರಿಕರು, ನಜಫ್, ಕರ್ಬಲಾ, ಹಿಂದೂಸ್ತಾನದಲ್ಲಿ ಇಂಗ್ಲಿಷರ ಹಾವಳಿ ಎಲ್ಲವೂ ಆ ಮಾತಿನಲ್ಲಿತ್ತು. ಮಾತಿನ ಕೆಳಗೆ ಇದ್ದ ಬೇಡಿಕೆಗಳು ಬೇರೆ ತರಹದವು.

ಮೊದಲನೆಯದು, ಸೈನ್ಯ. ಸುಲ್ತಾನರು ಸೈನಿಕರನ್ನು ಕಳುಹಿಸಬೇಕು, ಖರ್ಚು ಮೈಸೂರಿನದು. ಎರಡನೆಯದು, ಕಸಬುದಾರರು. ಬಂದೂಕು ಮಾಡುವವರು, ಗಾಜು ಮಾಡುವವರು ಮುಂತಾದವರು ಬೇಕು. ಮೂರನೆಯದು, ವ್ಯಾಪಾರದ ಸವಲತ್ತು. ಮೈಸೂರಿನವರಿಗೆ ತುರ್ಕಿಯ ನಾಡಿನಲ್ಲಿ, ತುರ್ಕಿಯವರಿಗೆ ಮೈಸೂರಿನಲ್ಲಿ. ನಾಲ್ಕನೆಯದು, ಬಸ್ರಾ ಬಂದರನ್ನು ಇಜಾರೆಗೆ ಕೊಡಬೇಕು. ಅದಕ್ಕೆ ಬದಲಾಗಿ ಮಂಗಳೂರು ಬಂದರನ್ನು ಸುಲ್ತಾನರಿಗೆ ಬಿಟ್ಟುಕೊಡುತ್ತೇವೆ.

ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೊಡಿಯಾಲ್ ಬಂದರು ಎಂದು ಟಿಪ್ಪುವಿನ ಕಾಗದಪತ್ರಗಳಲ್ಲಿ ಬರುವ ನಮ್ಮ ಊರು, ನಮ್ಮ ಹಿರಿಯರು ಅಕ್ಕಿ ಮುಡಿ ಹೊತ್ತ, ಮಂಜಿ ಹತ್ತಿದ ಬಂದರು. ಬಂದರಿನ ಜುಮ್ಮಾ ಮಸೀದಿಯನ್ನು ಟಿಪ್ಪು ನವೀಕರಿಸಿದ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಮಕ್ಕಳಿಗೆ ತೋರಿಸುತ್ತೇವೆ. ಅದೇ ಊರು ಇಸ್ತಾಂಬುಲಿನ ಮಾತುಕತೆಯಲ್ಲಿ ಬದಲಿಗೆ ಕೊಡುವ ವಸ್ತುವಾಗಿತ್ತು. ಊರಿನವರನ್ನು ಯಾರೂ ಕೇಳಿರಲಿಲ್ಲ. ಆ ಕಾಲದಲ್ಲಿ ಯಾವ ಅರಸನೂ ಕೇಳುತ್ತಿರಲಿಲ್ಲ ಎನ್ನುವುದೂ ನಿಜ. ಅದೇ ಟಿಪ್ಪು 1784ರಲ್ಲಿ ಇದೇ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಘಟ್ಟದ ಮೇಲೆ ಸಾಗಿಸಿದ್ದ. ಅವರ ಮನೆಗಳಲ್ಲಿ ಈ ಅರಸನ ನೆನಪು ಬೇರೆಯೇ ಇದೆ. ನಮ್ಮ ಹೆಮ್ಮೆ ಹೇಳುವಾಗ ಅವರ ನೋವನ್ನು ಮರೆಯುವುದು ಸರಿಯಲ್ಲ.

ಆದರೂ ಲೆಕ್ಕ ನೋಡಿದರೆ ಟಿಪ್ಪುವಿನ ಯೋಚನೆ ಹುಚ್ಚಿನದ್ದಲ್ಲ. ಬಸ್ರಾ ಕೈಯಲ್ಲಿದ್ದರೆ ಪರ್ಷಿಯಾ ಕೊಲ್ಲಿಯ ವ್ಯಾಪಾರದಲ್ಲಿ ಇಂಗ್ಲಿಷರ ಹಂಗಿಲ್ಲ. ತುರ್ಕಿಯ ಹಡಗು ಮಂಗಳೂರಿನಲ್ಲಿ ನಿಂತಿದ್ದರೆ ಬೊಂಬಾಯಿಯ ಕಂಪೆನಿ ಪಡೆ ಅಷ್ಟು ಸುಲಭವಾಗಿ ಕರಾವಳಿಗೆ ಇಳಿಯಲಾರದು. 1783ರಲ್ಲಿ ಬೊಂಬಾಯಿಯ ಪಡೆ ಮಂಗಳೂರನ್ನು ಹಿಡಿದದ್ದು ಅವನ ಮನಸ್ಸಿನಲ್ಲಿ ಹಸಿಯಾಗಿತ್ತು.

ಇಸ್ತಾಂಬುಲಿನ ಉತ್ತರ

ದೂತರು ತಲುಪಿದ ಹೊತ್ತು ಕೆಟ್ಟದ್ದು. 1787ರ ಆಗಸ್ಟಿನಲ್ಲಿ, ಅಂದರೆ ಅವರು ಬರುವ ಸ್ವಲ್ಪ ಮೊದಲು, ತುರ್ಕಿ ರಶ್ಯಾದ ಮೇಲೆ ಯುದ್ಧ ಸಾರಿತ್ತು. ಯೂರೋಪಿನಲ್ಲಿ ಇಂಗ್ಲೆಂಡನ್ನು ಎದುರು ಹಾಕಿಕೊಳ್ಳುವುದು ಸುಲ್ತಾನ್ ಮೊದಲನೇ ಅಬ್ದುಲ್ ಹಮೀದರಿಗೆ ಬೇಡವಾಗಿತ್ತು. ದೂತರನ್ನು ಗೌರವದಿಂದ ಬರಮಾಡಿಕೊಂಡರು. ದರ್ಬಾರಿನಲ್ಲಿ ಖಿಲತ್ತು ಹೊದಿಸಿದರು, ಉಡುಗೊರೆ ಕೊಟ್ಟರು, ಟಿಪ್ಪುವಿಗೆ ಮನ್ನಣೆಯ ಪತ್ರ ಕೊಟ್ಟರು. ಸೈನ್ಯ ಕೊಡಲಿಲ್ಲ. ಬಸ್ರಾ ಕೊಡಲಿಲ್ಲ. ಮಂಗಳೂರನ್ನೂ ತೆಗೆದುಕೊಳ್ಳಲಿಲ್ಲ. ಯೂಫ್ರಟಿಸ್ ನದಿಯಿಂದ ನಜಫಿಗೆ ಕಾಲುವೆ ತೋಡಿಸಿ ನೀರು ಕೊಡುತ್ತೇನೆ ಎಂಬ ಟಿಪ್ಪುವಿನ ಕೋರಿಕೆಗೂ ಒಪ್ಪಿಗೆ ಸಿಗಲಿಲ್ಲ. ಮುಂದೆ ಅಂಥದೇ ಕಾಲುವೆಗೆ ಹಣ ಕೊಟ್ಟ ಹೆಸರು ಅವಧದ ನವಾಬ ಆಸಫುದ್ದೌಲನಿಗೆ ಬಂತು. ಅವನು ಇಂಗ್ಲಿಷರ ಗೆಳೆಯ. ಅವನ ಹಣದಿಂದ ಯಾರಿಗೂ ಹೆದರಿಕೆ ಇರಲಿಲ್ಲ.

ಇಸ್ತಾಂಬುಲಿನ ಚಳಿ ಮತ್ತು ಪ್ಲೇಗು ದೂತಮಂಡಳಿಯನ್ನು ತಿಂದು ಹಾಕಿತು. ಅಲ್ಲಿಂದ ಫ್ರಾನ್ಸಿಗೂ ಇಂಗ್ಲೆಂಡಿಗೂ ಹೋಗಬೇಕೆಂದಿದ್ದ ಯೋಜನೆಯನ್ನು ಕೈಬಿಟ್ಟರು. 1788ರಲ್ಲಿ ಉಳಿದವರು ಈಜಿಪ್ಟಿನ ದಾರಿ ಹಿಡಿದು, ಹಜ್ ಮಾಡಿ, 1789ರ ಕೊನೆಗೆ ಕೋಝಿಕ್ಕೋಡಿಗೆ ಬಂದಿಳಿದರು. ಹೊರಟ 900 ಜನರಲ್ಲಿ ಮರಳಿದವರು ಬೆರಳೆಣಿಕೆಯಷ್ಟು. ದೊಡ್ಡವರ ಹೆಸರು ದಿನಚರಿಯಲ್ಲಿದೆ. ಖಲಾಸಿಗಳ, ಹೊರೆಯಾಳುಗಳ ಹೆಸರು ಎಲ್ಲಿಯೂ ಇಲ್ಲ. ನಮ್ಮ ಕರಾವಳಿಯಿಂದ ಹತ್ತಿದ ಆ ಹಡಗುಗಳಲ್ಲಿ ನಮ್ಮಂಥ ಮನೆಗಳ ಮಕ್ಕಳೂ ಇದ್ದಿರಬಹುದು.

ಕೊಯಮತ್ತೂರು ಕಟ್ಟಿದ ಸಾಲ

ದೂತರು ಬರಿಗೈಯಲ್ಲಿ ಕೋಝಿಕ್ಕೋಡಿಗೆ ಇಳಿಯುವ ಹೊತ್ತಿಗೆ ಅವರ ಅರಸ ಇನ್ನೊಂದು ಯುದ್ಧದ ಬಾಗಿಲಲ್ಲಿದ್ದ. ಕೊಚ್ಚಿಯ ಬಳಿಯ ಎರಡು ಡಚ್ ಕೋಟೆಗಳನ್ನು ತಿರುವಾಂಕೂರಿನ ಅರಸ 1789ರಲ್ಲಿ ಕೊಂಡಿದ್ದ. ಅದು ತನ್ನ ಅಧೀನದ ಕೊಚ್ಚಿಯ ನೆಲ ಎಂದು ಟಿಪ್ಪುವಿನ ವಾದ. ಸೈನ್ಯ ಕೊಯಮತ್ತೂರಿನ ಕಡೆಯಿಂದ ಪಾಲಕ್ಕಾಡಿನ ಕಣಿವೆ ದಾಟಿ ಇಳಿಯಿತು. ಡಿಸೆಂಬರ್ 29ರಂದು ತಿರುವಾಂಕೂರಿನ ಉದ್ದನೆಯ ಕೋಟೆಗೋಡೆ ನೆಡುಂಕೋಟೆಯ ಮೇಲೆ ನಡೆಸಿದ ದಾಳಿ ಸೋತಿತು. ತಿರುವಾಂಕೂರು ಕಂಪೆನಿಯ ಮಿತ್ರ. ಕಂಪೆನಿಗೆ ನೆಪ ಸಿಕ್ಕಿತು. 1790ರಲ್ಲಿ ಕಂಪೆನಿ, ಮರಾಠರು, ನಿಜಾಮ ಮೂವರೂ ಟಿಪ್ಪುವಿನ ವಿರುದ್ಧ ಒಪ್ಪಂದ ಮಾಡಿಕೊಂಡರು. ಸಾವಿರಾರು ಮೈಲು ದೂರದ ಖಲೀಫರ ಬಾಗಿಲು ತಟ್ಟಿದವನ ಪಕ್ಕದ ಮನೆಯ ಮುಸಲ್ಮಾನ ಅರಸ ಶತ್ರುವಿನ ಸಾಲಿನಲ್ಲಿ ನಿಂತಿದ್ದ.

ಮೊದಲ ಪೆಟ್ಟು ಬಿದ್ದದ್ದು ಕೊಯಮತ್ತೂರು ಸೀಮೆಗೆ. ಜನರಲ್ ಮೆಡೋಸ್ 1790ರ ಬೇಸಿಗೆ ಕೊನೆಯಲ್ಲಿ ತಿರುಚಿನಾಪಳ್ಳಿಯ ಕಡೆಯಿಂದ ಬಂದ. ಜೂನ್‌ನಲ್ಲಿ ಕರೂರು, ಆಮೇಲೆ ಧಾರಾಪುರ, ಜುಲೈ 21ಕ್ಕೆ ಕೊಯಮತ್ತೂರು. ಸೆಪ್ಟೆಂಬರಿನಲ್ಲಿ ಟಿಪ್ಪು ಗಜಲಹಟ್ಟಿ ಕಣಿವೆಯಲ್ಲಿ ಘಟ್ಟ ಇಳಿದು ಸತ್ಯಮಂಗಲದಲ್ಲಿ ಕಂಪೆನಿಯ ಪಡೆಯನ್ನು ಹಿಂದೆ ತಳ್ಳಿದ, ಮುಂದೆ ಹೋಗಿ ಧಾರಾಪುರವನ್ನು ವಾಪಸು ಹಿಡಿದ. 1791ರ ಜೂನ್‌ನಲ್ಲಿ ಮೈಸೂರಿನ ಪಡೆ ಕೊಯಮತ್ತೂರಿನ ಕೋಟೆಗೆ ಮುತ್ತಿಗೆ ಹಾಕಿತು. ಒಳಗೆ ಲೆಫ್ಟಿನೆಂಟ್ ಚಾಮರ್ಸ್ ಎಂಬವನ ಕೈಕೆಳಗೆ ಸಣ್ಣ ಪಡೆ, ಅದರಲ್ಲಿ ತಿರುವಾಂಕೂರಿನ ಸೈನಿಕರೂ ಇದ್ದರು. ಆಗಸ್ಟ್ 11ರ ದೊಡ್ಡ ದಾಳಿಯನ್ನು ಅವರು ತಡೆದರು. ಮತ್ತೆ ಕಮರುದ್ದೀನ್ ಖಾನ್ ಬಂದು ಮುತ್ತಿಗೆ ಹಾಕಿದ. ನವೆಂಬರಿನಲ್ಲಿ ಕೋಟೆ ಶರಣಾಯಿತು. ಶರಣಾದವರನ್ನು ಪಾಲಕ್ಕಾಡಿಗೆ ಹೋಗಲು ಬಿಡುವುದಾಗಿ ಕರಾರಾಗಿತ್ತು. ಆದರೆ ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಕಳುಹಿಸಲಾಯಿತು. ಕರಾರು ಮುರಿದ ಈ ಮಾತು ಟಿಪ್ಪುವಿನ ವಿರುದ್ಧದ ದೂರಿನ ಪಟ್ಟಿಯಲ್ಲಿ ಸೇರಿತು.

ಧಾರಾಪುರದ ಒಬ್ಬ ರೈತನ ಕಡೆಯಿಂದ ಇದನ್ನು ನೋಡಿ. 1783ರಲ್ಲಿ ಕಂಪೆನಿ, 1784ರಲ್ಲಿ ಮೈಸೂರು, 1790ರ ಬೇಸಿಗೆ ಮುಗಿಯುವಾಗ ಮತ್ತೆ ಕಂಪೆನಿ, ಅದೇ ವರ್ಷ ಮತ್ತೆ ಮೈಸೂರು. ಏಳು ವರ್ಷದಲ್ಲಿ ನಾಲ್ಕು ಸಲ ಧಣಿ ಬದಲಾದರು. ಪ್ರತಿ ಸಲವೂ ಸೈನ್ಯ ಬಂತು. ಸೈನ್ಯ ಬಂದರೆ ಧಾನ್ಯ ಬೇಕು, ಹುಲ್ಲು ಬೇಕು, ಎತ್ತು ಬೇಕು. ಕಾಂಗೇಯದ ಎತ್ತುಗಳಿಗೆ ಹೆಸರಾದ ಸೀಮೆ ಅದು. ತೋಪು ಎಳೆಯುವ ಎತ್ತು ಹೊಲಕ್ಕೆ ಮರಳಿ ಬರುವುದಿಲ್ಲ.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮಲಬಾರ್, ಕೊಡಗು, ಪಾಲಕ್ಕಾಡ್, ದಿಂಡಿಗಲ್, ಸೇಲಂ ಕಡೆಯ ಬಾರಾಮಹಲ್ ಹೋದವು. ಕೊಯಮತ್ತೂರು ಮತ್ತು ಮಂಗಳೂರು ಇನ್ನು ಏಳು ವರ್ಷ ಅವನ ಬಳಿ ಉಳಿದವು.

ಸುಲ್ತಾನರ ಕೊನೆಯ ಪತ್ರ

1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿಗೆ ಇಳಿದ. ಈಜಿಪ್ಟ್ ತುರ್ಕಿಯದು. ಟಿಪ್ಪು ಫ್ರೆಂಚರ ಸ್ನೇಹಿತ. ಈಗ ಇಸ್ತಾಂಬುಲಿನಲ್ಲಿ ಸುಲ್ತಾನ್ ಮೂರನೇ ಸಲೀಂ. ಅವರು ಇಂಗ್ಲಿಷರ ಜೊತೆ ಸೇರಿದರು. ಸೆಪ್ಟೆಂಬರಿನಲ್ಲಿ ಟಿಪ್ಪುವಿಗೆ ಒಂದು ಪತ್ರ ಬರೆದರು. ಫ್ರೆಂಚರನ್ನು ನಂಬಬೇಡ, ಅವರು ದೀನಿನ ಶತ್ರುಗಳು, ಇಂಗ್ಲಿಷರ ಜೊತೆ ಜಗಳ ಬಿಡು ಎಂಬುದು ಅದರ ತಾತ್ಪರ್ಯ. ಪತ್ರ ತಂದುಕೊಟ್ಟವರು ಯಾರು ಗೊತ್ತೇ? ಇಸ್ತಾಂಬುಲಿನ ಇಂಗ್ಲಿಷ್ ರಾಯಭಾರಿಯ ಕೈಯಿಂದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಗೆ, ಅಲ್ಲಿಂದ ಟಿಪ್ಪುವಿಗೆ. ಹನ್ನೊಂದು ವರ್ಷದ ಹಿಂದೆ ಇಂಗ್ಲಿಷರ ವಿರುದ್ಧ ಸೈನ್ಯ ಕೇಳಿದವನಿಗೆ ಇಂಗ್ಲಿಷರ ಟಪಾಲಿನಲ್ಲಿ ಬುದ್ಧಿವಾದ ಬಂತು. ಟಿಪ್ಪು 1799ರ ಫೆಬ್ರುವರಿಯಲ್ಲಿ ವಿನಯದಿಂದಲೇ ಉತ್ತರ ಬರೆದ. ಆ ಹೊತ್ತಿಗೆ ಕಂಪೆನಿಯ ಸೈನ್ಯ ಹೊರಟಾಗಿತ್ತು. ಜೊತೆಗೆ ನಿಜಾಮನ ಸೈನ್ಯವೂ ಇತ್ತು.

ಇದೇ ಹೊತ್ತಿಗೆ ಮಸ್ಕತ್ ಕೂಡ ಕೈತಪ್ಪಿತು. 1798ರ ಅಕ್ಟೋಬರಿನಲ್ಲಿ ಸಯ್ಯಿದ್ ಸುಲ್ತಾನ್ ಬಿನ್ ಅಹ್ಮದ್ ಕಂಪೆನಿಯ ಜೊತೆ ಕರಾರು ಮಾಡಿಕೊಂಡು ಫ್ರೆಂಚರನ್ನು ದೂರ ಇಡಲು ಒಪ್ಪಿದರು. ಅಫಘಾನಿಸ್ತಾನದ ಝಮಾನ್ ಷಾ ಟಿಪ್ಪುವಿನ ಇನ್ನೊಂದು ಆಸೆಯಾಗಿದ್ದ. ಅವನು 1798ರ ಕೊನೆಗೆ ಲಾಹೋರಿನವರೆಗೆ ಬಂದ, ಆದರೆ ಬೆನ್ನ ಹಿಂದೆ ಪರ್ಷಿಯಾದ ಕಡೆಯಿಂದ ಭಯ ಎದ್ದಿತು. ತಿರುಗಿ ಹೋದ. ಮಸ್ಕತ್ತಿನ ಕರಾರನ್ನು ಮಾಡಿಸಿದವನು, ಪರ್ಷಿಯಾವನ್ನು ಅಫಘಾನರ ಮೇಲೆ ಎತ್ತಿಕಟ್ಟಲು ಓಡಾಡಿದವನು ಒಬ್ಬನೇ: ಬುಶೆಹರಿನಲ್ಲಿದ್ದ ಕಂಪೆನಿಯ ಪ್ರತಿನಿಧಿ ಮಿರ್ಜಾ ಮೆಹದಿ ಅಲಿ ಖಾನ್. ಅವನೂ ಮುಸಲ್ಮಾನ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೋಟೆಯ ಬಾಗಿಲ ಬಳಿ ಹೋರಾಡುತ್ತ ಸತ್ತ.

ಒಂದೇ ವರ್ಷದಲ್ಲಿ ಎರಡು ಊರು

1799ರಲ್ಲಿ ಕೊಯಮತ್ತೂರು ಮತ್ತು ಕೆನರಾ ಎರಡನ್ನೂ ಕಂಪೆನಿ ತೆಗೆದುಕೊಂಡಿತು. ಎರಡೂ ಮದ್ರಾಸಿಗೆ ಸೇರಿದವು. ಕೊಯಮತ್ತೂರು ಸೀಮೆಯನ್ನು ಮೊದಲು ಭವಾನಿ, ಧಾರಾಪುರ ಎಂದು ಎರಡು ಭಾಗ ಮಾಡಿ, 1804ರಲ್ಲಿ ಒಂದೇ ಜಿಲ್ಲೆ ಮಾಡಿದರು. ಕಾಂಗೇಯದ ಕಡೆಯ ಪಾಳೆಯಗಾರ ಧೀರನ್ ಚಿನ್ನಮಲೈ ಟಿಪ್ಪುವಿನ ನಂತರವೂ ಕೆಲವು ವರ್ಷ ಕಂಪೆನಿಯ ವಿರುದ್ಧ ಕಾದಾಡಿದ. 1805ರಲ್ಲಿ ಅವನನ್ನು ಸಂಕಗಿರಿಯಲ್ಲಿ ಗಲ್ಲಿಗೇರಿಸಿದರು. ಇಸ್ತಾಂಬುಲಿನಿಂದ ಸಿಗದ ಬೆಂಬಲ ಮೈಸೂರಿಗೆ ಸಿಕ್ಕಿದ್ದು ಈ ಕೊಂಗು ಗೌಂಡರ್ ಪಾಳೆಯಗಾರನಿಂದ. ಅವನದು ಬೇರೆ ದೀನು, ಬೇರೆ ಭಾಷೆ.

ಅಲ್ಲಿಂದ 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡವೂ ಕೊಯಮತ್ತೂರೂ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು. ಕೊಳ್ಳೇಗಾಲ ಆ ದಿನದವರೆಗೂ ಕೊಯಮತ್ತೂರು ಜಿಲ್ಲೆಯ ತಾಲೂಕು. ರಾಜ್ಯಗಳು ಭಾಷೆಯ ಮೇಲೆ ಹರಿದಾಗ ಕೊಳ್ಳೇಗಾಲ, ಮಂಗಳೂರು ಈ ಕಡೆ ಬಂದವು, ಕೋಟೈಮೇಡು ಆ ಕಡೆ ಉಳಿಯಿತು. ವ್ಯಾಪಾರ ಮಾತ್ರ ನಿಲ್ಲಲಿಲ್ಲ. ನಮ್ಮ ಅಂಗಡಿಗಳಲ್ಲಿ ಈಗಲೂ ತಿರುಪ್ಪೂರಿನ ಬನಿಯನ್ ಇದೆ.

ಅಳಿಯನಿಗೆ

ಕತಾರಿನ ಮೇಲಿನ ದಿಗ್ಬಂಧನ ಮುಗಿದದ್ದು 2021ರ ಜನವರಿ 5ರಂದು, ಸೌದಿಯ ಅಲ್ ಉಲಾದಲ್ಲಿ. ಮೂರೂವರೆ ವರ್ಷ. ಅದರ ನಡುವೆ ಕತಾರಿಗೆ ಆಹಾರ ಕಳುಹಿಸಿದ್ದು ತುರ್ಕಿ ಮತ್ತು ಇರಾನ್, ಸಂಧಾನಕ್ಕೆ ಓಡಾಡಿದ್ದು ಕುವೈತ್, ದಾರಿ ಬಿಟ್ಟುಕೊಟ್ಟದ್ದು ಮಸ್ಕತ್. ಅವರು ಕೂಡ ತಮ್ಮ ತಮ್ಮ ಲೆಕ್ಕ ನೋಡಿಯೇ ಮಾಡಿದರು. 2023ರ ಮಾರ್ಚ್‌ನಲ್ಲಿ ಸೌದಿ ಮತ್ತು ಇರಾನ್ ಮತ್ತೆ ಸಂಬಂಧ ಬೆಳೆಸಲು ಒಪ್ಪಿಕೊಂಡದ್ದು ಬೀಜಿಂಗಿನಲ್ಲಿ, ಚೀನಾದ ಮಧ್ಯಸ್ಥಿಕೆಯಲ್ಲಿ.

ಅಳಿಯ ಈಗ ಡಿಗ್ರಿ ಮುಗಿಸಿ ದೋಹಾದಲ್ಲೇ ಕೆಲಸದಲ್ಲಿದ್ದಾನೆ. ಕಳೆದ ರಜೆಯಲ್ಲಿ ಬಂದಾಗ ಈ ಕಥೆಯನ್ನೆಲ್ಲ ಅವನಿಗೆ ಹೇಳಿದೆ. ‘ಹಾಗಾದರೆ ದೀನಿಗೆ ಬೆಲೆಯೇ ಇಲ್ಲವಾ, ಮಾಮ?’ ಎಂದು ಕೇಳಿದ.

ಇದೆ ಎಂದೆ. ತದಡಿಯಿಂದ ಹೊರಟವರಿಗೆ ಮಸ್ಕತ್ತಿನಲ್ಲಿ, ಬಸ್ರಾದಲ್ಲಿ, ಇಸ್ತಾಂಬುಲಿನಲ್ಲಿ ಬಾಗಿಲು ತೆರೆದದ್ದು ಸಲಾಮಿಗೆ. ಜೊತೆಯಲ್ಲಿ ನಮಾಝು ಮಾಡಿದರು, ಊಟ ಹಾಕಿದರು. ಸತ್ತವರಿಗೆ ಅಲ್ಲಿ ಕಬರ್‌ಸ್ತಾನ ಸಿಕ್ಕಿತು. ನಿಮ್ಮ ಚಿಕ್ಕಪ್ಪ ಮೊದಲ ಸಲ ದೋಹಾಕ್ಕೆ ಹೋದಾಗ ಒಬ್ಬ ಅಪರಿಚಿತ ಅವನಿಗೆ ರೂಮಿನಲ್ಲಿ ಜಾಗ ಕೊಟ್ಟದ್ದೂ ಅದರಿಂದಲೇ. ಅದು ಮನುಷ್ಯರ ನಡುವೆ ನಡೆಯುತ್ತದೆ. ಆದರೆ ಸರಕಾರ ಸಹಿ ಹಾಕಲು ಕುಳಿತಾಗ ಅದು ನೋಡುವುದು ಬಂದರು, ಗಡಿ, ಅಕ್ಕಿ, ಗ್ಯಾಸು, ಶತ್ರುವಿನ ಶತ್ರು. ಒಂದೇ ಸುಲ್ತಾನರ ಮನೆತನ 1787ರಲ್ಲಿ ಟಿಪ್ಪುವಿಗೆ ಖಿಲತ್ತು ಕಳುಹಿಸಿತು, 1798ರಲ್ಲಿ ಬುದ್ಧಿವಾದ ಕಳುಹಿಸಿತು. ಅಷ್ಟರಲ್ಲಿ ಬದಲಾದದ್ದು ದೀನಲ್ಲ, ಈಜಿಪ್ಟಿನ ಪರಿಸ್ಥಿತಿ.

ಹಾಗಾಗಿ ಎರಡು ದೇಶಗಳು ಅಪ್ಪಿಕೊಂಡವು ಎಂದು ವಾಟ್ಸಾಪಿನಲ್ಲಿ ಫೋಟೋ ಬಂದರೆ ಕುಣಿಯಬೇಡ, ಕಿತ್ತಾಡಿದವು ಎಂದು ಬಂದರೆ ಈಮಾನೇ ಮುಗಿಯಿತು ಎಂದು ಕೊರಗಬೇಡ. ಒಪ್ಪಂದದಲ್ಲಿ ಏನನ್ನು ಕೊಟ್ಟರು, ಏನನ್ನು ಪಡೆದರು ಎಂದು ಓದು. ಅದರಲ್ಲಿ ನಮ್ಮಂಥವರ ಊರು, ವೀಸಾ, ಸಂಬಳ ಯಾವ ಸಾಲಿನಲ್ಲಿದೆ ಎಂದು ಹುಡುಕು.

ಅವನು ಸ್ವಲ್ಪ ಯೋಚಿಸಿ ಕೇಳಿದ: ‘ಸುಲ್ತಾನರು ಆಗ ಒಪ್ಪಿದ್ದರೆ ನಾವು ತುರ್ಕಿಯವರಾಗುತ್ತಿದ್ದೆವಾ ಮಾಮ?’

ಇಲ್ಲ ಮಗಾ, ಆಗಲೂ ಬ್ಯಾರಿಗಳೇ ಆಗಿರುತ್ತಿದ್ದೆವು ಎಂದೆ. ಸುಂಕದ ರಶೀದಿ ಮಾತ್ರ ಬೇರೆ ಭಾಷೆಯಲ್ಲಿರುತ್ತಿತ್ತು. ಒಳಗಿನಿಂದ ತಂಗಿ ನಕ್ಕಳು, ಊಟಕ್ಕೆ ಕರೆದಳು.